ಗ್ರಹಣಕ್ಕೆ ಅಂಜಬೇಕೇ?

2019ರ ಡಿಸೆಂಬರ್ 26. ಕ್ರಿಸ್ತ ಜಯಂತಿಯ ಮರುದಿನ, ಸಂತ ಸ್ತೇಫಾನರ ಹಬ್ಬ. ಬೆಳಗಿನ ಬಲಿಪೂಜೆ ಮುಗಿಸಿ ಹೊರಬಂದಾಗ ವಯಸ್ಸಾದ ತಾಯಿಯೊಬ್ಬರು ಕಾದಿದ್ದರು. "ಫಾದರ್, ಸೊಸೆ ಬಸುರಿ. ಇವತ್ತು ಗ್ರಹಣ. ಹೊರಗೆ ಬಿಡಬಹುದಾ? ತಿಂಡಿ ಕೊಡಬಹುದಾ?"

ನಾನು ನಗಲಿಲ್ಲ. 1980ರ ಫೆಬ್ರವರಿ 16ರಂದು ಸೂರ್ಯಗ್ರಹಣವಾದಾಗ ನನ್ನ ತಾಯಿಯೂ ಕದ ಮುಚ್ಚಿ ಉಪವಾಸ ಕುಳಿತಿದ್ದರಂತೆ. ಅವರ ಗರ್ಭದಲ್ಲಿದ್ದವನು ನಾನೇ. ಅಂಥ ಭಯದ ಬೇರು ಮಗುವಿನ ಮೇಲಿನ ಪ್ರೀತಿ. ಆದರೆ ಪ್ರೀತಿಗೆ ಸತ್ಯದ ಬೆಳಕೂ ಬೇಕು.

"ಅಮ್ಮ, ಮೊದಲು ತಿಂಡಿ ಕೊಡಿ. ಆಮೇಲೆ ಇಬ್ಬರೂ ಪಾರ್ಕಿಗೆ ಬನ್ನಿ" ಎಂದೆ.

ಮಂಗಳೂರು, ಕಾಸರಗೋಡಿನವರಿಗೆ ಅಂದು ಕಂಕಣ ಗ್ರಹಣ. ಬೆಂಗಳೂರಿನ ನಮಗೆ ಪಾರ್ಶ್ವ ಗ್ರಹಣ. ಎಂಟು ಗಂಟೆ ದಾಟಿದ ಮೇಲೆ ಆರಂಭವಾಗಿ, ಒಂಬತ್ತೂವರೆಯ ಹೊತ್ತಿಗೆ ಸೂರ್ಯನ ಬಹುಭಾಗ ಮರೆಯಾಯಿತು. ಮೋಡ ಸರಿದು ಬಿಸಿಲು ಬಿದ್ದಾಗ, ಮರದ ಎಲೆಗಳ ಸಂದಿಯಿಂದ ನೆಲದ ಮೇಲೆಲ್ಲಾ ನೂರಾರು ಪುಟ್ಟ ಕುಡುಗೋಲುಗಳು! ಪ್ರತಿಯೊಂದು ಸಂದಿಯೂ ಸೂರ್ಯನ ಬಿಂಬವನ್ನು ಮೂಡಿಸಿತ್ತು. ಸೊಸೆಯ ಸೆರಗಿನ ಮೇಲೂ ಒಂದು ಆಡುತ್ತಿತ್ತು. ಅತ್ತೆ ಅದನ್ನೇ ನೋಡುತ್ತಾ ನಿಂತರು.

ಅಂಜಿಕೆ ಬೇರೆ, ಎಚ್ಚರಿಕೆ ಬೇರೆ. ಗ್ರಹಣ ಊಟವನ್ನು ಕೆಡಿಸದು, ಗರ್ಭವನ್ನು ಮುಟ್ಟದು. ಆದರೆ ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ಅಕ್ಷಿಪಟಲ ಸುಡುತ್ತದೆ; ಅಲ್ಲಿ ನೋವು ತಿಳಿಯದ ಕಾರಣ ಸುಟ್ಟದ್ದೂ ಗೊತ್ತಾಗದು. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ ಯಾವುದೂ ಸಾಲದು. ಗ್ರಹಣಕ್ಕೆಂದೇ ತಯಾರಿಸಿದ ಕನ್ನಡಕ ಬೇಕು.

ಧರ್ಮೋಪದೇಶ ತರಗತಿಯ ಹುಡುಗನೊಬ್ಬ ಕೇಳಿದ: "ಯೇಸು ಶಿಲುಬೆಯ ಮೇಲಿದ್ದಾಗ ಕತ್ತಲಾದದ್ದೂ ಗ್ರಹಣವೇ, ಫಾದರ್?" ಒಳ್ಳೆಯ ಪ್ರಶ್ನೆ. ಸೂರ್ಯಗ್ರಹಣ ಅಮಾವಾಸ್ಯೆಯಂದು ಮಾತ್ರ ಸಾಧ್ಯ. ಪಾಸ್ಕ ಹಬ್ಬ ಬರುವುದು ಹುಣ್ಣಿಮೆಯ ಹೊತ್ತಿಗೆ. ಆದ್ದರಿಂದ ಶುಭಸಂದೇಶದ ಆ ಕತ್ತಲೆಯನ್ನು ಗ್ರಹಣವೆಂದು ವಿವರಿಸಲಾಗದು. ವಿಶ್ವಾಸಿಯು ಲೆಕ್ಕಕ್ಕೆ ಹೆದರಬೇಕಾಗಿಲ್ಲ.

ಪ್ರಿಯರೇ, ಆಕಾಶದ ಸೂಚನೆಗಳಿಗೆ ಕಂಗೆಡಬಾರದೆಂದು ಪ್ರವಾದಿ ಯೆರೆಮೀಯನ ಗ್ರಂಥದ ಹತ್ತನೆಯ ಅಧ್ಯಾಯ ಎಚ್ಚರಿಸುತ್ತದೆ. ಸೂರ್ಯಚಂದ್ರರು ನಮ್ಮ ವಿಧಿಯ ಒಡೆಯರಲ್ಲ, ನಮ್ಮಂತೆಯೇ ಸೃಷ್ಟಿಗಳು. ದೇವರು ಕೊಟ್ಟ ಕ್ರಮದಲ್ಲಿ ನಡೆಯುತ್ತವೆ. ಆದ್ದರಿಂದಲೇ ಅವುಗಳ ಹೊತ್ತನ್ನು ಮುಂಚಿತವಾಗಿ ಹೇಳಬಹುದು.

2027ರ ಆಗಸ್ಟ್ 2ರಂದು, ಸಂಜೆಯ ಹೊತ್ತಿಗೆ ನಮ್ಮ ನಾಡಿನಲ್ಲಿ ಮತ್ತೊಂದು ಪಾರ್ಶ್ವ ಗ್ರಹಣ. ಅಂದು ನಿಮ್ಮ ಮನೆಯ ಬಸುರಿ ಹೆಣ್ಣುಮಗಳು ಹಸಿದು ಕತ್ತಲೆಯಲ್ಲಿ ಕೂರುವಳೋ, ಮಕ್ಕಳೊಡನೆ ಮರದ ನೆರಳಿನಲ್ಲಿ ನಿಲ್ಲುವಳೋ? ಈಗಲೇ ಮನೆಮಂದಿ ಕುಳಿತು ಮಾತಾಡಿರಿ.