ಫೋನಿನ ಅಂದಕ್ಕೆ ಆತುರ ಬೇಡ

ಐಫೋನಿನ ಹೋಮ್ ಸ್ಕ್ರೀನ್‌ನಲ್ಲಿ ಐಕಾನ್‌ಗಳ ನಡುವೆ ವಿಜೆಟ್ ಇಡಲು 2020ರ ಐಒಎಸ್ 14 ಬರಬೇಕಾಯಿತು. ಐಕಾನ್‌ಗಳನ್ನು ಬೇಕಾದ ಕಡೆ ಕೂರಿಸಲು 2024ರ ಐಒಎಸ್ 18. ಇಂಥ ಕಟ್ಟುಪಾಡಿಗೆ ಬೇಸತ್ತು ಕೆಲವರು ತಯಾರಕರು ಹಾಕಿದ ಬೀಗವನ್ನೇ ಮುರಿಯುತ್ತಾರೆ: ಐಫೋನನ್ನು ಜೈಲ್‌ಬ್ರೇಕ್, ಆಂಡ್ರಾಯ್ಡ್ ಫೋನನ್ನು ರೂಟ್ ಮಾಡಿಬಿಡುತ್ತಾರೆ. ಎಡವುವುದು ಇಲ್ಲೇ. ಆಮೇಲೆ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ, ಭದ್ರತೆಯೂ ಸಡಿಲವಾಗುತ್ತದೆ.

ವಾಲ್‌ಪೇಪರ್, ಅಕ್ಷರದ ಗಾತ್ರ, ಡಾರ್ಕ್ ಮೋಡ್ ಸೆಟ್ಟಿಂಗ್ಸ್‌ನಲ್ಲೇ ಇವೆ. ಮೊದಲು ಅಲ್ಲಿ ಹುಡುಕುವುದು ಲೇಸು. ಅಷ್ಟು ಸಾಲದಿದ್ದರೆ, ಆಂಡ್ರಾಯ್ಡಿನಲ್ಲಿ ಹೋಮ್ ಸ್ಕ್ರೀನಿನ ರೂಪ ಬದಲಿಸುವ ಲಾಂಚರ್ ಆ್ಯಪ್‌ಗಳಲ್ಲಿ ಹೆಸರುವಾಸಿಯಾದುದನ್ನು ಪ್ಲೇ ಸ್ಟೋರಿನಿಂದ ಹಾಕಿಕೊಳ್ಳಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ, ಅಂದರೆ ಆ್ಯಪ್ ಅಳವಡಿಸುವ ಕಡತ ಮಾತ್ರ ಬೇಡವೇ ಬೇಡ. ಥೀಮ್ ಆ್ಯಪ್ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿದರೆ ಕೊಡಬಾರದು, ಒಟಿಪಿ ಬರುವುದೂ ಅಲ್ಲಿಗೇ. ಗೋಡೆಗೆ ಬಣ್ಣ ಬಳಿಯುವವನಿಗೆ ತಿಜೋರಿಯ ಕೀಲಿ ಏಕೆ? ಆಕ್ಸೆಸಿಬಿಲಿಟಿ ಅನುಮತಿಯಲ್ಲಂತೂ ಇನ್ನೂ ಎಚ್ಚರ ಬೇಕು: ಅದನ್ನು ಪಡೆದ ಆ್ಯಪ್ ಪರದೆಯನ್ನು ಓದಬಲ್ಲದು, ಗುಂಡಿಯನ್ನೂ ತಾನೇ ಒತ್ತಬಲ್ಲದು.