ಹುಣಸೆ ಸೀಮೆಯ ಊಟ ಮತ್ತು ಸಿಸಿಲಿಯ ಕೆಂಪು ವೈನ್

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವರ್ತಕರಿಗೆ ಹುಣಸೆಹಣ್ಣು ಹೊಸ ಸರಕಲ್ಲ. ಆದರೆ ಅದರ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲವೇ ದ್ರಾಕ್ಷಿಯ ಪ್ರಧಾನ ಆಮ್ಲವೂ ಆಗಿದೆ ಎಂಬ ಸಂಗತಿ ವ್ಯಾಪಾರ ವಲಯದಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಸೀಮೆಯ ಊಟದೊಡನೆ ಕೆಂಪು ವೈನ್ ಹೊಂದುತ್ತದೆಯೇ ಎಂಬ ಪ್ರಶ್ನೆ ಹೆದ್ದಾರಿ ಬದಿಯ ಪರವಾನಗಿ ಪಡೆದ ಹೋಟೆಲುಗಳಿಗೆ ಲಾಭ-ನಷ್ಟದ ಪ್ರಶ್ನೆ. ಆಮದು ವೈನಿನ ಮೇಲೆ ದೀರ್ಘಕಾಲ ಶೇಕಡ 150ರಷ್ಟು ಸುಂಕವಿದ್ದ ದೇಶದಲ್ಲಿ, ತಪ್ಪು ಖಾದ್ಯದೊಡನೆ ಬಡಿಸಿದ ಒಂದು ಬಾಟಲಿ ಗಿರಾಕಿಯನ್ನು ಮತ್ತೆ ಬಾರದಂತೆ ಮಾಡಬಲ್ಲದು.

ನಿದರ್ಶನಕ್ಕೆ ಇಟಲಿಯ ಸಿಸಿಲಿ ದ್ವೀಪದ ‘ನೇರೊ ದಾವೊಲ’ವನ್ನು ತೆಗೆದುಕೊಳ್ಳಬಹುದು. ‘ಆವೊಲದ ಕಪ್ಪು’ ಎಂಬುದು ಹೆಸರಿನ ಅರ್ಥ. ಆವೊಲ ಎಂಬುದು ದ್ವೀಪದ ಆಗ್ನೇಯ ಭಾಗದ ಪಟ್ಟಣ. ಗಾಢ ವರ್ಣ, ಒಣ ಹಣ್ಣಿನ ಪರಿಮಳ, ಸಾಮಾನ್ಯವಾಗಿ ಶೇಕಡ 13ರಿಂದ 14ರಷ್ಟು ಮದ್ಯಸಾರ. ಬಹುಕಾಲ ಇದನ್ನು ಪೀಪಾಯಿಗಳಲ್ಲಿ ಉತ್ತರಕ್ಕೆ ಸಾಗಿಸಿ, ಅಲ್ಲಿನ ತೆಳು ವೈನುಗಳಿಗೆ ಬಣ್ಣ-ಬಲ ಕೊಡಲು ಬೆರೆಸಲಾಗುತ್ತಿತ್ತು. ಸ್ವಂತ ಹೆಸರಿನಲ್ಲಿ ಮಾರುಕಟ್ಟೆ ಗಳಿಸಿದ್ದು ಮುಖ್ಯವಾಗಿ 1990ರ ದಶಕದಿಂದೀಚೆಗೆ. ತಮ್ಮ ಹುಣಸೆಯನ್ನು ಹೆಸರಿಲ್ಲದ ಸರಕಾಗಿ ದೂರದ ಊರುಗಳಿಗೆ ಕಳುಹಿಸುವವರಿಗೆ ಈ ಕಥೆ ಅಪರಿಚಿತವೆನಿಸದು.

ಬಿಸಿಲ ನಾಡಿನಲ್ಲಿ ಬೆಳೆದರೂ ಈ ದ್ರಾಕ್ಷಿ ತನ್ನ ಹುಳಿಯನ್ನು ಉಳಿಸಿಕೊಳ್ಳುತ್ತದೆ. ಇದೇ ಅದರ ಬಂಡವಾಳ. ಊಟದ ಹುಳಿ ವೈನಿನ ಹುಳಿಗಿಂತ ಹೆಚ್ಚಾದಾಗ ವೈನ್ ಸಪ್ಪೆಯಾಗಿ ತೋರುತ್ತದೆ. ಹುಣಸೆಯ ಸಾರಿನ ಮುಂದೆ ಮೃದುವಾದ ಕೆಂಪು ವೈನುಗಳು ಸೋಲುವುದು ಇದರಿಂದಲೇ. ನೇರೊ ದಾವೊಲ ಮಾತ್ರ ಹದವಾದ ಹುಳಿಗೆ ಎದುರಾಗಿ ನಿಲ್ಲಬಲ್ಲದು. ಸಿಸಿಲಿಯಲ್ಲೇ ಇದಕ್ಕೆ ಪುರಾವೆಯಿದೆ. ಕರಿದ ಬದನೆಯನ್ನು ಆಲಿವ್, ವಿನೆಗರ್ ಹಾಗೂ ಸಕ್ಕರೆಯೊಡನೆ ಬೇಯಿಸಿದ ‘ಕಪೊನಾತ’ ಅಲ್ಲಿನ ಮನೆಮಾತಾದ ಖಾದ್ಯ. ವಿನೆಗರಿನ ಸ್ಥಾನದಲ್ಲಿ ಹುಣಸೆ, ಸಕ್ಕರೆಯ ಸ್ಥಾನದಲ್ಲಿ ಬೆಲ್ಲವನ್ನಿಟ್ಟು ಹುರಿದ ಕಡಲೆಕಾಯಿ ಪುಡಿ ಸೇರಿಸಿದರೆ ಅದು ನಮ್ಮ ಬದನೆಕಾಯಿ ಎಣ್ಣೆಗಾಯಿಗೆ ಬಹಳ ದೂರವೇನಲ್ಲ. ಆವೊಲ ಬಾದಾಮಿಗೆ ಹೆಸರಾದರೆ, ಪಾವಗಡ ಮತ್ತು ಶಿರಾ ಕಡಲೆಕಾಯಿಗೆ.

ಮಾಂಸದ ವಿಷಯ ಇನ್ನೂ ಸರಳ. ವೈನಿನ ಒಗರನ್ನು ಕೊಬ್ಬು ಮತ್ತು ಉಪ್ಪು ತಗ್ಗಿಸುತ್ತವೆ. ಆದುದರಿಂದ ಈ ಒಣ ಸೀಮೆಯ ಕುರಿಮಾಂಸದ ಚಾಪ್ಸ್, ಕೆಂಡದ ಮೇಲೆ ಸುಟ್ಟ ಮಾಂಸ, ಕೀಮಾ ಉಂಡೆ ಇವೆಲ್ಲ ಸಹಜ ಜೊತೆಗಾರರು. ಮುದ್ದೆಯೊಡನೆ ಬಡಿಸುವ ಮಟನ್ ಸಾರೂ ಹೊಂದುತ್ತದೆ, ಖಾರ ಹತೋಟಿಯಲ್ಲಿದ್ದರೆ.

ತೊಡಕಿರುವುದು ಖಾರದಲ್ಲೇ. ಮದ್ಯಸಾರವು ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ. ಮೂರು ದಿಕ್ಕಿನಲ್ಲಿ ಆಂಧ್ರದಿಂದ ಸುತ್ತುವರಿದ ಪಾವಗಡದ ಅಡುಗೆಮನೆಗೆ ಇದು ಕಹಿ ಸುದ್ದಿ. ಗುಂಟೂರು ಮೆಣಸಿನಕಾಯಿಯನ್ನು ಕಡಿಮೆ ಮಾಡಿ, ಬಣ್ಣ ಹೆಚ್ಚು ಖಾರ ಕಡಿಮೆ ಇರುವ ಬ್ಯಾಡಗಿಯನ್ನು ಬಳಸುವುದೊಂದು ದಾರಿ. ಉಪ್ಸಾರಿನ ಹಸಿಮೆಣಸಿನ ಖಾರಕ್ಕೆ ಮಾತ್ರ ಯಾವ ಕೆಂಪು ವೈನನ್ನೂ ಜೊತೆ ಮಾಡದಿರುವುದೇ ಲೇಸು. ಅಲ್ಲಿ ಮಜ್ಜಿಗೆಯೇ ಗೆಲ್ಲುತ್ತದೆ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ನಿಯಮ ಯೂರೋಪಿನ ಕೋಣೆಗಳಿಗೆ ಸಂಬಂಧಿಸಿದ್ದು. ಬೇಸಗೆಯ ಶಿರಾದಲ್ಲಿ ಅದನ್ನು ಪಾಲಿಸಿದರೆ ಗಂಟಲು ಸುಡುವ ಮದ್ಯಸಾರವಷ್ಟೇ ನಾಲಗೆಗೆ ಸಿಗುತ್ತದೆ. 16ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಲು ಬಡಿಸುವ ಮುನ್ನ ಬಾಟಲಿಯನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡುವುದು ಅಗತ್ಯ.

ಇಟಲಿಯ ಬಾಟಲಿ ದುಬಾರಿಯೆನಿಸಿದರೆ ಪರ್ಯಾಯ ಹತ್ತಿರದಲ್ಲೇ ಇದೆ. ನೆರೆಯ ದೊಡ್ಡಬಳ್ಳಾಪುರ ಭಾಗದಲ್ಲಿ ಗ್ರೋವರ್ ಸಂಸ್ಥೆ 1980ರ ದಶಕದ ಅಂತ್ಯದಿಂದಲೇ ವೈನ್ ದ್ರಾಕ್ಷಿಯಲ್ಲಿ ತೊಡಗಿತು. ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿದ್ದು 2007ರಲ್ಲಿ. ಕರ್ನಾಟಕದಲ್ಲಿ ತಯಾರಾಗುವ ಶಿರಾಜ್ ತಳಿಯ ಕೆಂಪು ವೈನುಗಳು ಗುಣದಲ್ಲಿ ನೇರೊ ದಾವೊಲಕ್ಕೆ ಸಮೀಪವಾದವು. ತೆರೆದ ಬಾಟಲಿ ಬಿರಡೆ ಹಾಕಿ ತಂಪಿನಲ್ಲಿಟ್ಟರೂ ಮೂರು-ನಾಲ್ಕು ದಿನಕ್ಕಿಂತ ಹೆಚ್ಚು ಚೆನ್ನಾಗಿರದು. ಆದಕಾರಣ ಲೋಟದ ಲೆಕ್ಕದಲ್ಲಿ ಮಾರುವ ಹೋಟೆಲಿನವರು ಮೊದಲು ಎಣ್ಣೆಗಾಯಿ ಮತ್ತು ಚಾಪ್ಸ್ ಹೆಚ್ಚು ಖರ್ಚಾಗುವ ವಾರಾಂತ್ಯಗಳಲ್ಲಿ ಮಾತ್ರ ಬಾಟಲಿ ತೆರೆದು ನೋಡುವುದು ಒಳಿತು.