ರಾಯಚೂರು ಕೋಟೆ: ಶಾಸನ, ಶಿಲ್ಪ ಮತ್ತು ಸಂರಕ್ಷಣೆ

ಕನ್ನಡದಲ್ಲಿ ಕೋಟೆಗಳ ಅಧ್ಯಯನವು ಬಹುಮಟ್ಟಿಗೆ ರಾಜಕೀಯ ಚರಿತ್ರೆಯ ಅನುಬಂಧವಾಗಿಯೇ ಬೆಳೆದುಬಂದಿದೆ. ಕಟ್ಟಿಸಿದವರು ಯಾರು, ಗೆದ್ದವರು ಯಾರು ಎಂಬುದು ತಿಳಿದೊಡನೆ ಗೋಡೆಯ ಮೇಲಿನ ಗಮನ ಸರಿದುಹೋಗುತ್ತದೆ. ಗೋಡೆಯನ್ನೇ ಆಕರವಾಗಿ ಓದಬೇಕಾದ ಅಗತ್ಯವನ್ನು ರಾಯಚೂರು ಕೋಟೆಯ ನಿದರ್ಶನದಿಂದ ಪರಿಶೀಲಿಸಬಹುದು.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಫಲವತ್ತಾದ ಸೀಮೆಯಲ್ಲಿ ಈ ಕೋಟೆಯಿದೆ. ಒಳಕೋಟೆಯ ಪಶ್ಚಿಮ ಗೋಡೆಯಲ್ಲಿರುವ ತೆಲುಗು ಶಾಸನದ ಕಾಲ ಶಕ 1216, ಅಂದರೆ ಕ್ರಿ.ಶ. 1294. ಕಾಕತೀಯರ ಅಧೀನದಲ್ಲಿದ್ದ ವಿಠಲನಾಥನು ಆದವಾನಿ ಮೊದಲಾದ ದುರ್ಗಗಳನ್ನು ಗೆದ್ದು, ರಾಯಚೂರನ್ನು ಪ್ರವೇಶಿಸಿ ಕೋಟೆಯನ್ನು ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಶಾಸನವಿರುವ ಕಲ್ಲಿನ ಉದ್ದ ಸುಮಾರು 41 ಅಡಿ.

ಇಂಥ ಬೃಹತ್ ಶಿಲೆಯನ್ನು ತಂದ ಬಗೆಯನ್ನು ಅದೇ ಗೋಡೆಯ ರೇಖಾಶಿಲ್ಪ ತೋರಿಸುತ್ತದೆ. ಬಂಡಿಯ ಮೇಲೆ ಕಲ್ಲು, ಅದನ್ನೆಳೆಯುವ ಕೋಣಗಳ ಸಾಲು, ಅವುಗಳನ್ನು ಹುರಿದುಂಬಿಸುವ ಮತ್ತು ಗಾಲಿಗಳಿಗೆ ಸನ್ನೆಗೋಲು ಕೊಡುವ ಆಳುಗಳು ಅಲ್ಲಿ ಮೂಡಿದ್ದಾರೆ. ಶಾಸನದ ಅಕ್ಷರ ದಂಡನಾಯಕನನ್ನು ಹೆಸರಿಸುತ್ತದೆ. ದುಡಿದವರು ರೇಖೆಯಲ್ಲಿ ಮಾತ್ರ ಉಳಿದಿದ್ದಾರೆ. ಅಚ್ಚಾದ ಶಾಸನಪಾಠವನ್ನಷ್ಟೇ ಆಧರಿಸುವ ಸಂಶೋಧಕನಿಗೆ ಇವರು ಕಾಣಸಿಗುವುದಿಲ್ಲ.

ಮುಂದೆ ಬಹಮನಿ, ವಿಜಯನಗರ ಮತ್ತು ಬಿಜಾಪುರದ ಅರಸರು ಈ ಕೋಟೆಗಾಗಿ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ಇದನ್ನು ವಶಪಡಿಸಿಕೊಂಡ ವೃತ್ತಾಂತವನ್ನು ಪೋರ್ಚುಗೀಸ್ ವರ್ತಕ ನೂನಿಜ್ ವಿವರವಾಗಿ ದಾಖಲಿಸಿದ್ದಾನೆ. ಕೋಟೆಯಲ್ಲಿ ಪಾರಸಿ ಶಾಸನಗಳೂ ಇವೆ. ಮೆಕ್ಕಾ ದರವಾಜ, ನವರಂಗಿ ದರವಾಜ, ಕಾಟಿ ದರವಾಜ ಎಂಬ ಹೆಸರುಗಳು ಇಲ್ಲಿ ಬೆರೆತ ಭಾಷೆಗಳ ಚರಿತ್ರೆಯನ್ನು ಸೂಚಿಸುತ್ತವೆ. ಕನ್ನಡ ನಾಡಿನ ಈ ಗಡಿಸೀಮೆಯನ್ನು ಒಂದೇ ಭಾಷೆಯ ಆಕರಗಳಿಂದ ಅರಿಯಲಾಗದು.

ಸಂರಕ್ಷಣೆಯ ಪ್ರಶ್ನೆಯನ್ನೂ ಈ ಹಿನ್ನೆಲೆಯಲ್ಲಿಯೇ ವಿವೇಚಿಸಬೇಕು. ಒಳಗೋಡೆಯು ನಯವಾಗಿ ಕೆತ್ತಿದ ಭಾರಿ ಕಲ್ಲುಗಳನ್ನು ಗಾರೆಯಿಲ್ಲದೆ ಹೊಂದಿಸಿ ಕಟ್ಟಿದ್ದು. ಹೊರಗೋಡೆಯ ಕಲ್ಲುಗಳು ಅಷ್ಟು ನಯವಾದವಲ್ಲ. ಈ ವ್ಯತ್ಯಾಸ ನಿರ್ಮಾಣದ ಕಾಲಘಟ್ಟಗಳನ್ನು ಗುರುತಿಸಲು ನೆರವಾಗುತ್ತದೆ. ಇಂಥ ಒಣಗೋಡೆಯ ಸಂದುಗಳಿಗೆ ಸಿಮೆಂಟು ತುಂಬಿದರೆ ಮಳೆನೀರು ಹೊರಹರಿಯುವ ದಾರಿ ಮುಚ್ಚಿ, ತೇವ ಒಳಗೇ ಉಳಿದು ಕಲ್ಲು ಶಿಥಿಲಗೊಳ್ಳುತ್ತದೆ. ಜೊತೆಗೆ ಕಟ್ಟಡಕ್ರಮದ ಸಾಕ್ಷ್ಯವೂ ಮರೆಯಾಗುತ್ತದೆ. ಬಿರುಕಿನಲ್ಲಿ ಬೇರುಬಿಟ್ಟ ಅರಳಿ, ಆಲದ ಗಿಡಗಳನ್ನು ಬಲವಂತವಾಗಿ ಕಿತ್ತರೂ ಕಲ್ಲುಗಳು ಸಡಿಲಗೊಳ್ಳುತ್ತವೆ. ಆದ್ದರಿಂದ ಪ್ರತಿ ಕಲ್ಲಿನ ಸ್ಥಾನವನ್ನು ನಕ್ಷೆ ಹಾಗೂ ಛಾಯಾಚಿತ್ರಗಳಲ್ಲಿ ದಾಖಲಿಸಿದ ಬಳಿಕವೇ ದುರಸ್ತಿಗೆ ತೊಡಗುವುದು ಯುಕ್ತ.

ಹಸ್ತಪ್ರತಿಯನ್ನು ಸಂಪಾದಿಸುವವನು ಮೂಲದ ಅಕ್ಷರವನ್ನು ತನ್ನ ಇಚ್ಛೆಯಂತೆ ತಿದ್ದುವುದಿಲ್ಲ. ಕೋಟೆಯ ದುರಸ್ತಿಗೂ ಅದೇ ಶಿಸ್ತು ಅನ್ವಯಿಸುತ್ತದೆ. ಶಾಸನದ ಪಡಿಯಚ್ಚು ಉಳಿದು ಗೋಡೆ ಅಳಿದರೆ ವಿಠಲನಾಥನ ಹೆಸರು ಉಳಿದೀತು. ಕಲ್ಲನ್ನೆಳೆದವರ ಏಕೈಕ ದಾಖಲೆ ಕಣ್ಮರೆಯಾದೀತು.